ಮೂಳೆಸವೆತ: ಮೊದಲ ಮುರಿತವೇ ಮುನ್ನೆಚ್ಚರಿಕೆ



ಮಹಾನಗರವೊಂದರ ವಸತಿ ಸಮುಚ್ಚಯದಲ್ಲಿ ವಾಸಿಸುವ 58 ವರ್ಷದ ಗೃಹಿಣಿಯೊಬ್ಬರು ಬೆಳಗಿನ ಹೊತ್ತು ಬಚ್ಚಲುಮನೆಯ ಬಾಗಿಲ ಬಳಿ ಜಾರಿ, ನೆಲಕ್ಕೆ ಕೈಯೂರಿ ಬಿದ್ದರೆಂದು ಭಾವಿಸೋಣ. ಎತ್ತರದಿಂದ ಬಿದ್ದದ್ದಲ್ಲ, ವಾಹನ ಬಡಿದದ್ದಲ್ಲ. ನಿಂತ ನೆಲದಲ್ಲಿಯೇ ಬಿದ್ದದ್ದು. ಆದರೂ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಮೂಳೆಯನ್ನು ಸರಿಯಾಗಿ ಕೂಡಿಸಿ ಪ್ಲಾಸ್ಟರ್ ಹಾಕಿದರು. ಆರು ವಾರಗಳ ನಂತರ ಅದನ್ನು ಬಿಚ್ಚಿದರು. ಕೈ ಮೊದಲಿನಂತಾಯಿತು. ಗ್ರಹಚಾರ ಕಳೆಯಿತೆಂದು ಮನೆಯವರು ಸಮಾಧಾನಪಟ್ಟರು. ಇಷ್ಟೆಲ್ಲದರ ನಡುವೆ ಯಾರೂ ಕೇಳದೆ ಉಳಿದ ಪ್ರಶ್ನೆ ಒಂದೇ: ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದದ್ದಾದರೂ ಏಕೆ?

ಈ ಪ್ರಶ್ನೆಯೇ ಇಂದಿನ ಭಾಷಣದ ವಸ್ತು. ಋತುಬಂಧದ ನಂತರ ಮಹಿಳೆಯರಲ್ಲಿ ಉಂಟಾಗುವ ಮೂಳೆಯ ನಷ್ಟವನ್ನು ತಡೆಯಬಲ್ಲ ಚಿಕಿತ್ಸೆಗಳು ಇಂದು ಹಲವಾರಿವೆ. ಅವುಗಳ ಫಲವು ದೊಡ್ಡ ಅಧ್ಯಯನಗಳಿಂದ ಸಿದ್ಧಪಟ್ಟಿದೆ. ಆದರೂ ಮೊದಲ ಮುರಿತವಾದ ಮಹಿಳೆಯರಲ್ಲಿ ಬಹುಮಂದಿಗೆ ಪ್ಲಾಸ್ಟರ್ ದೊರೆಯುತ್ತದೆಯೇ ಹೊರತು ಮೂಳೆಯ ಚಿಕಿತ್ಸೆ ದೊರೆಯುವುದಿಲ್ಲ. ಮುರಿದ ಭಾಗವನ್ನು ಕೂಡಿಸುವುದು ಅರ್ಧ ಕೆಲಸ ಮಾತ್ರ. ಮುರಿಯುವಷ್ಟು ದುರ್ಬಲವಾದ ಮೂಳೆಯನ್ನು ಬಲಪಡಿಸುವುದು ಉಳಿದರ್ಧ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಆಡುಮಾತಿನಲ್ಲಿ ಮಂಡಿನೋವಿಗೂ ‘ಸವೆತ’ ಎಂದೇ ಹೇಳುವ ರೂಢಿಯಿದೆ. ಮಂಡಿಯಲ್ಲಿ ಸವೆಯುವುದು ಮುಖ್ಯವಾಗಿ ಕೀಲಿನ ಮೃದ್ವಸ್ಥಿ. ಅದು ನೋವು ಕೊಡುತ್ತದೆ, ನಡಿಗೆಯನ್ನು ತಡೆಯುತ್ತದೆ. ಇಲ್ಲಿ ಹೇಳುತ್ತಿರುವ ಮೂಳೆಸವೆತವಾದರೋ ಬೇರೆಯೇ. ವೈದ್ಯರು ಇದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಇದರಲ್ಲಿ ಮೂಳೆಯ ಒಳಗಿನ ಜೇನುಗೂಡಿನಂತಹ ಹಂದರವು ತೆಳುವಾಗಿ, ಅಲ್ಲಲ್ಲಿ ಕಡಿದುಹೋಗಿ ಟೊಳ್ಳಾಗುತ್ತದೆ. ಮೂಳೆ ಮುರಿಯುವ ತನಕ ಇದು ನೋವನ್ನೇ ಕೊಡುವುದಿಲ್ಲ. ಮಂಡಿನೋವಿನ ಮಾತ್ರೆ ನುಂಗುತ್ತ ಮೂಳೆಸವೆತಕ್ಕೆ ಚಿಕಿತ್ಸೆ ನಡೆಯುತ್ತಿದೆ ಎಂದು ತಿಳಿದಿರುವ ಮಹಿಳೆಯರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮೂಳೆಯು ಕಲ್ಲಿನಂತೆ ಜಡವಾದ ವಸ್ತುವಲ್ಲ. ಅದು ಜೀವಂತ ಅಂಗಾಂಶ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸ ಮೂಳೆಯನ್ನು ಕಟ್ಟುವ ಕೋಶಗಳೂ ಅದರಲ್ಲಿ ಆಜೀವ ಪರ್ಯಂತ ಕೆಲಸ ಮಾಡುತ್ತಿರುತ್ತವೆ. ಸುಮಾರು 30ನೆಯ ವಯಸ್ಸಿನ ಹೊತ್ತಿಗೆ ಮೂಳೆಯ ಸಂಚಯ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಆ ಬಳಿಕ ಕೆಲಕಾಲ ಜಮೆ ಖರ್ಚು ಸರಿದೂಗುತ್ತದೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕಿರುವುದು ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು. ಮುಟ್ಟು ನಿಂತು ಅಂಡಾಶಯಗಳು ಈ ಹಾರ್ಮೋನಿನ ಉತ್ಪಾದನೆಯನ್ನು ನಿಲ್ಲಿಸಿದಾಗ ಕಡಿವಾಣ ಸಡಿಲವಾಗುತ್ತದೆ. ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾಗುತ್ತದೆ. ಋತುಬಂಧದ ನಂತರದ 5ರಿಂದ 7 ವರ್ಷಗಳಲ್ಲಿ ಕೆಲವು ಮಹಿಳೆಯರು ತಮ್ಮ ಮೂಳೆಯ ಸಾಂದ್ರತೆಯಲ್ಲಿ ಶೇಕಡಾ 20ರಷ್ಟನ್ನು ಕಳೆದುಕೊಳ್ಳಬಹುದು. ಋತುಬಂಧಕ್ಕೂ ಮೂಳೆಸವೆತಕ್ಕೂ ಇರುವ ಈ ಸಂಬಂಧವನ್ನು 1941ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಅವರ ಸಹೋದ್ಯೋಗಿಗಳು ಸ್ಪಷ್ಟವಾಗಿ ಗುರುತಿಸಿದರು.

ಭಾರತದ ಮಹಿಳೆಯರಲ್ಲಿ ಋತುಬಂಧವು ಪಾಶ್ಚಾತ್ಯ ದೇಶಗಳ ಮಹಿಳೆಯರಿಗಿಂತ ಸರಾಸರಿ ಕೆಲವು ವರ್ಷ ಮೊದಲೇ ಬರುತ್ತದೆ. ಗರ್ಭಕೋಶದ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಂಡಾಶಯಗಳನ್ನೂ ತೆಗೆದಿದ್ದರೆ ಆ ದಿನದಿಂದಲೇ ಈಸ್ಟ್ರೋಜೆನ್ ಕೊರತೆ ಆರಂಭವಾಗುತ್ತದೆ. ಅಂಥವರು 40ರ ವಯಸ್ಸಿನಲ್ಲಿಯೇ ಮೂಳೆಯ ವಿಚಾರದಲ್ಲಿ ಎಚ್ಚರ ವಹಿಸಬೇಕಾಗುತ್ತದೆ.

ಮೂಳೆಸವೆತದ ಪೆಟ್ಟು ಮುಖ್ಯವಾಗಿ ಮೂರು ಕಡೆ ಬೀಳುತ್ತದೆ. ಮೊದಲನೆಯದು ಮಣಿಕಟ್ಟು. ಸಾಮಾನ್ಯವಾಗಿ ಇದೇ ಮೊದಲ ಮುರಿತ. ಎರಡನೆಯದು ಬೆನ್ನೆಲುಬಿನ ಮಣಿಗಳು. ಇವು ಒಮ್ಮೊಮ್ಮೆ ಬೀಳದೆಯೂ, ತುಂಬಿದ ಬಿಂದಿಗೆ ಎತ್ತುವಾಗ ಅಥವಾ ಬಗ್ಗಿ ಏಳುವಾಗಲೇ ಕುಸಿಯುತ್ತವೆ. ಅನೇಕರು ಇದನ್ನು ಬರಿಯ ಬೆನ್ನುನೋವೆಂದು ಬಗೆದು ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಎತ್ತರ ಒಂದೂವರೆ ಅಂಗುಲಕ್ಕೂ ಹೆಚ್ಚು ಕಡಿಮೆಯಾಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಅದು ವಯಸ್ಸಿನ ಸಹಜ ಲಕ್ಷಣವೆಂದು ತಳ್ಳಿಹಾಕದೆ ಎಕ್ಸ್-ರೇ ತೆಗೆಸುವುದು ಯುಕ್ತ. ಮೂರನೆಯದು ಮತ್ತು ಅತ್ಯಂತ ಗಂಭೀರವಾದದ್ದು ಸೊಂಟದ ಕೀಲಿನ ಬಳಿ ತೊಡೆಮೂಳೆಯ ಮುರಿತ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇಂತಹ ಮುರಿತಕ್ಕೆ ಒಳಗಾದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ಸ್ವತಂತ್ರವಾಗಿ ಓಡಾಡಲಾರರು. ಮಣಿಕಟ್ಟಿನ ಮುರಿತಕ್ಕೂ ಸೊಂಟದ ಮುರಿತಕ್ಕೂ ನಡುವೆ ಹತ್ತು ಹದಿನೈದು ವರ್ಷಗಳ ಅವಕಾಶ ಇರುವುದುಂಟು. ಚಿಕಿತ್ಸೆಗೆ ದೊರೆಯುವ ಸಮಯ ಅದೇ.

ಮೂಳೆಯ ಸಾಂದ್ರತೆಯನ್ನು ಅಳೆಯಲು ಡೆಕ್ಸಾ ಎಂಬ ಪರೀಕ್ಷೆಯಿದೆ. ಅತ್ಯಲ್ಪ ಪ್ರಮಾಣದ ಎಕ್ಸ್-ರೇ ಕಿರಣಗಳಿಂದ ಸೊಂಟ ಮತ್ತು ಬೆನ್ನೆಲುಬಿನ ಸಾಂದ್ರತೆಯನ್ನು ಕೆಲವೇ ನಿಮಿಷಗಳಲ್ಲಿ ಅಳೆಯಲಾಗುತ್ತದೆ. ಇದರಲ್ಲಿ ನೋವಿಲ್ಲ, ಚುಚ್ಚುಮದ್ದಿಲ್ಲ. ಫಲಿತಾಂಶವನ್ನು ಆರೋಗ್ಯವಂತ ತರುಣಿಯರ ಸರಾಸರಿಯೊಡನೆ ಹೋಲಿಸಿ ‘ಟಿ ಅಂಕ’ವಾಗಿ ತಿಳಿಸುತ್ತಾರೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಿಗದಿಪಡಿಸಿದ ಪ್ರಕಾರ ಈ ಅಂಕ ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಮೂಳೆಸವೆತ. ಋಣ 1 ಮತ್ತು ಋಣ 2.5ರ ನಡುವೆ ಇದ್ದರೆ ಮೂಳೆಯ ಸಾಂದ್ರತೆ ಕಡಿಮೆ ಎಂದರ್ಥ. ಬೆನ್ನುಮಣಿ ಅಥವಾ ಸೊಂಟದ ಮೂಳೆ ಸಣ್ಣ ಪೆಟ್ಟಿಗೇ ಮುರಿದಿದ್ದರೆ, ಅಂಕ ಎಷ್ಟೇ ಇರಲಿ, ಚಿಕಿತ್ಸೆ ಅಗತ್ಯ. ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿರಿಸಿ ಮಾಡುವ ಪರೀಕ್ಷೆಯು ಒಂದು ಸೂಚನೆ ಮಾತ್ರ. ಅದರ ಆಧಾರದ ಮೇಲೆಯೇ ಔಷಧವನ್ನು ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸರಿಯಲ್ಲ.

65 ವರ್ಷ ದಾಟಿದ ಮಹಿಳೆಯರು ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ಬೇಗನೆ ಮುಟ್ಟು ನಿಂತವರು, ತಂದೆ ಅಥವಾ ತಾಯಿಗೆ ಸೊಂಟದ ಮುರಿತವಾಗಿದ್ದವರು, ತೀರ ಕೃಶವಾಗಿರುವವರು, ಆಸ್ತಮಾ ಅಥವಾ ಸಂಧಿವಾತಕ್ಕೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ಸೇವಿಸಿದವರು ಅದಕ್ಕೂ ಮೊದಲೇ ಮಾಡಿಸಿಕೊಳ್ಳಬೇಕು. ಜೊತೆಗೆ ರಕ್ತಪರೀಕ್ಷೆಯೂ ಅವಶ್ಯ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಮೂತ್ರಪಿಂಡದ ರೋಗ, ವಿಟಮಿನ್ ಡಿ ಕೊರತೆ ಮೊದಲಾದ ಕಾರಣಗಳಿದ್ದರೆ ಮೊದಲು ಅವನ್ನು ಸರಿಪಡಿಸಬೇಕಾಗುತ್ತದೆ.

ಚಿಕಿತ್ಸೆಯ ಅಡಿಪಾಯ ಆಹಾರ ಮತ್ತು ವ್ಯಾಯಾಮ. ಈ ವಯಸ್ಸಿನ ಮಹಿಳೆಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಈ ವಿಷಯದಲ್ಲಿ ಕನ್ನಡನಾಡಿನ ಊಟ ಹಿಂದೆ ಬಿದ್ದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು ಅದರ ಅತ್ಯಲ್ಪ ಭಾಗ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇವೂ ಒಳ್ಳೆಯ ಮೂಲಗಳು. ನಗರಕ್ಕೆ ಬಂದು ನೆಲೆಸಿದ ಮೇಲೆ ಮುದ್ದೆ, ಅಂಬಲಿಗಳು ಅಡುಗೆಮನೆಯಿಂದ ಮರೆಯಾಗಿದ್ದರೆ ಅವನ್ನು ಮರಳಿ ತರುವುದು ಕಷ್ಟದ ಕೆಲಸವೇನಲ್ಲ. ಊಟದಿಂದ ಸಾಲದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಕೊಳ್ಳಬೇಕು. ಬಿಸಿಲಿಗೆ ಬರವಿಲ್ಲದ ದೇಶದಲ್ಲಿಯೂ ನಗರವಾಸಿಗಳಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಕೊರತೆಯಿದ್ದರೆ ವೈದ್ಯರು 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಮ್ಮೆ ನಿಗದಿತ ಅವಧಿಗೆ ಬರೆದುಕೊಡುತ್ತಾರೆ. ಅದನ್ನು ದಿನವೂ ಸೇವಿಸುವುದು ಅಪಾಯಕಾರಿ. ವೇಗದ ನಡಿಗೆ, ಮೆಟ್ಟಿಲು ಹತ್ತುವುದು, ತಕ್ಕಮಟ್ಟಿನ ಭಾರ ಎತ್ತುವ ವ್ಯಾಯಾಮಗಳು ಮೂಳೆಗೂ ಸ್ನಾಯುಗಳಿಗೂ ಒಳ್ಳೆಯವು. ಬೆನ್ನುಮಣಿ ಕುಸಿದಿರುವವರು ಮುಂದಕ್ಕೆ ಬಗ್ಗುವ ಆಸನಗಳನ್ನು ಮಾಡಬಾರದು.

ಆದರೆ ಅಡಿಪಾಯವೇ ಮನೆಯಾಗಲಾರದು. ಸವೆತ ಆಗಲೇ ನೆಲೆಗೊಂಡಿರುವ ಮಹಿಳೆಗೆ ಕ್ಯಾಲ್ಸಿಯಂ ಮಾತ್ರೆಯೊಂದೇ ಚಿಕಿತ್ಸೆಯಲ್ಲ. ಮನೆಮನೆಗಳಲ್ಲಿ ನಡೆಯುತ್ತಿರುವ ದೊಡ್ಡ ತಪ್ಪು ಇದೇ.

ಔಷಧಗಳಲ್ಲಿ ಮೊದಲು ಬಳಕೆಗೆ ಬಂದದ್ದು ಈಸ್ಟ್ರೋಜೆನ್. ಕಳೆದುಹೋದ ಹಾರ್ಮೋನನ್ನೇ ಮರಳಿ ಕೊಡುವ ಈ ಕ್ರಮವು ದಶಕಗಳ ಕಾಲ ಜನಪ್ರಿಯವಾಗಿತ್ತು. 2002ರಲ್ಲಿ ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಬೃಹತ್ ಅಧ್ಯಯನವೊಂದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್‌ಗಳನ್ನು ಕೂಡಿಸಿ ಪಡೆದವರಲ್ಲಿ ಸೊಂಟದ ಮುರಿತ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾಗಿದ್ದವು. ಆ ಮಹಿಳೆಯರ ಸರಾಸರಿ ವಯಸ್ಸು 63 ಆಗಿತ್ತೆಂಬುದನ್ನೂ ನೆನಪಿಡಬೇಕು. ಆದುದರಿಂದ ಇಂದು ಈ ಚಿಕಿತ್ಸೆಯನ್ನು ಮುಖ್ಯವಾಗಿ ಋತುಬಂಧವಾಗಿ ಹೆಚ್ಚು ಕಾಲ ಕಳೆಯದ, ಮೈ ಬಿಸಿಯೇರಿ ಬೆವರುವ ತೊಂದರೆಯಿರುವ, 60 ವರ್ಷದೊಳಗಿನ ಮಹಿಳೆಯರಿಗೂ ಅಕಾಲದಲ್ಲಿ ಮುಟ್ಟು ನಿಂತವರಿಗೂ ಪರಿಶೀಲಿಸಿ ಕೊಡಲಾಗುತ್ತದೆ. ರಾಲಾಕ್ಸಿಫೀನ್ ಎಂಬ ಇನ್ನೊಂದು ಮಾತ್ರೆಯು ಮೂಳೆಯಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸಿ, ಸ್ತನದಲ್ಲಿ ಅದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಇದು ಬೆನ್ನುಮಣಿಗಳ ಮುರಿತವನ್ನು ಕಡಿಮೆ ಮಾಡುತ್ತದೆ. ಸೊಂಟದ ಮುರಿತವನ್ನು ತಡೆಯುವುದೆಂದು ಸಿದ್ಧವಾಗಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಸಲ್ಲದು.

ಇಂದು ಬಹುತೇಕ ಮಹಿಳೆಯರಿಗೆ ಮೊದಲು ಸೂಚಿಸುವುದು ಬಿಸ್‌ಫಾಸ್ಫೊನೇಟ್ ವರ್ಗದ ಔಷಧಗಳನ್ನು. ಇವುಗಳ ಕಥೆ ಸ್ವಾರಸ್ಯವಾದುದು. ನೀರಿನ ಕೊಳವೆಗಳಲ್ಲಿ ಸುಣ್ಣದ ಗಸಿ ಕಟ್ಟದಂತೆ ತಡೆಯಲು ಕೈಗಾರಿಕೆಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳ ವಂಶಕ್ಕೆ ಸೇರಿದವು ಇವು. ಇವು ಮೂಳೆಯ ಖನಿಜಕ್ಕೆ ಅಂಟಿಕೊಂಡು ಅದು ಕರಗದಂತೆ ತಡೆಯುತ್ತವೆ ಎಂಬುದನ್ನು 1969ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಈ ವರ್ಗದ ಅಲೆಂಡ್ರೊನೇಟ್ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಈಗಾಗಲೇ ಒಂದು ಬೆನ್ನುಮಣಿ ಮುರಿದಿದ್ದ 2,027 ಮಹಿಳೆಯರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದ ಫಲ ಹೀಗಿದೆ: ಸುಮಾರು ಮೂರು ವರ್ಷಗಳಲ್ಲಿ ಹುಸಿಮಾತ್ರೆ ಪಡೆದ ನೂರು ಮಂದಿಯಲ್ಲಿ 15 ಮಂದಿಗೆ ಹೊಸದಾಗಿ ಬೆನ್ನುಮಣಿ ಮುರಿಯಿತು, ಔಷಧ ಪಡೆದ ನೂರು ಮಂದಿಯಲ್ಲಿ 8 ಮಂದಿಗೆ ಮಾತ್ರ. ಸೊಂಟದ ಮುರಿತವೂ ಅರ್ಧಕ್ಕೆ ಇಳಿಯಿತು.

ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ವಾರಕ್ಕೊಮ್ಮೆ, ಗೊತ್ತುಮಾಡಿಕೊಂಡ ದಿನ, ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರಿಯ ನೀರಿನೊಡನೆ ಸೇವಿಸಬೇಕು. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಆಗ ಕೂಡದು. ಅವುಗಳ ಜೊತೆ ಸೇವಿಸಿದರೆ ಔಷಧವು ದೇಹಕ್ಕೆ ಹತ್ತುವುದೇ ಇಲ್ಲ. ಬಳಿಕ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡಬಹುದು. ಮರೆತುಹೋದರೆ ನೆನಪಾದ ಮರುದಿನ ಬೆಳಿಗ್ಗೆ ಒಂದನ್ನು ಸೇವಿಸಿ, ಮುಂದೆ ಎಂದಿನ ದಿನಕ್ಕೆ ಮರಳಬೇಕು. ಒಂದೇ ದಿನ ಎರಡು ಮಾತ್ರೆ ಸಲ್ಲದು.

ಅನ್ನನಾಳದ ತೊಂದರೆಯಿರುವವರಿಗೂ ಮಾತ್ರೆ ನಿಯಮಕ್ಕೆ ಸಿಕ್ಕದವರಿಗೂ ಇದೇ ವರ್ಗದ ಜೊಲೆಡ್ರೊನಿಕ್ ಆಮ್ಲವಿದೆ. 5 ಮಿಲಿಗ್ರಾಂ ಔಷಧವನ್ನು ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ನಿಧಾನವಾಗಿ ಏರಿಸುತ್ತಾರೆ. 2007ರಲ್ಲಿ ಪ್ರಕಟವಾದ, 7,700ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಇದು ಮೂರು ವರ್ಷಗಳಲ್ಲಿ ಬೆನ್ನುಮಣಿಗಳ ಮುರಿತವನ್ನು ಶೇಕಡಾ 70ರಷ್ಟು, ಸೊಂಟದ ಮುರಿತವನ್ನು ಶೇಕಡಾ 41ರಷ್ಟು ಕಡಿಮೆ ಮಾಡಿತು. ಮೊದಲ ಸಲ ಏರಿಸಿದ ಬಳಿಕ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಗಾಬರಿ ಬೇಡ. ಏರಿಸುವ ಮೊದಲು ಮೂತ್ರಪಿಂಡದ ಪರೀಕ್ಷೆ ಆಗಲೇಬೇಕು. ವಿಟಮಿನ್ ಡಿ ಕೊರತೆ ನೀಗಿರಬೇಕು.

ಈ ಔಷಧಗಳ ಬಗ್ಗೆ ಎರಡು ಭಯಗಳು ಜನರಲ್ಲಿ ಹರಡಿವೆ. ದವಡೆಯ ಮೂಳೆ ಒಣಗುವುದೊಂದು, ತೊಡೆಮೂಳೆ ವಿಚಿತ್ರ ರೀತಿಯಲ್ಲಿ ಮುರಿಯುವುದಿನ್ನೊಂದು. ಎರಡೂ ಇರುವುದು ನಿಜ. ಮೂಳೆಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಎರಡೂ ತೀರ ವಿರಳ. ಹಲ್ಲು ಕೀಳಿಸುವುದಿದ್ದರೆ ಚಿಕಿತ್ಸೆಗೆ ಮೊದಲೇ ಮುಗಿಸಿಕೊಳ್ಳುವುದು, ಔಷಧ ನಡೆಯುತ್ತಿರುವುದನ್ನು ದಂತವೈದ್ಯರಿಗೆ ತಿಳಿಸುವುದು, ತೊಡೆ ಅಥವಾ ತೊಡೆಸಂದಿಯಲ್ಲಿ ಕಾರಣವಿಲ್ಲದ ನೋವು ಕಂಡರೆ ಕೂಡಲೇ ಹೇಳುವುದು, ಇಷ್ಟು ಎಚ್ಚರ ಸಾಕು. ಅಪಾಯ ಕಡಿಮೆಯಿರುವವರಿಗೆ ಐದು ವರ್ಷ ಮಾತ್ರೆ ಅಥವಾ ಮೂರು ವರ್ಷ ಚುಚ್ಚುಮದ್ದಿನ ನಂತರ ವೈದ್ಯರೇ ಕೆಲಕಾಲ ವಿರಾಮ ಕೊಡುತ್ತಾರೆ. ಈ ಔಷಧ ಮೂಳೆಯಲ್ಲಿ ಉಳಿದುಕೊಂಡು ವಿರಾಮದಲ್ಲಿಯೂ ಕೆಲಸ ಮಾಡುತ್ತಿರುತ್ತದೆ.

ಡೆನೊಸುಮ್ಯಾಬ್ ಎಂಬ ಔಷಧದ ಸ್ವಭಾವ ಇದಕ್ಕೆ ನೇರ ವಿರುದ್ಧ. 2010ರಲ್ಲಿ ಬಳಕೆಗೆ ಬಂದ ಈ ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುತ್ತಾರೆ. ಮೂಳೆ ಕರಗಿಸುವ ಕೋಶಗಳು ಬೆಳೆಯದಂತೆ ಇದು ತಡೆಯುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆನ್ನುಮಣಿಗಳ ಮುರಿತ ಶೇಕಡಾ 68ರಷ್ಟು, ಸೊಂಟದ ಮುರಿತ ಶೇಕಡಾ 40ರಷ್ಟು ಇಳಿದವು. ಆದರೆ ಇದು ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದೊಡನೆ ತಡೆಹಿಡಿದಿದ್ದ ಕೋಶಗಳು ಒಮ್ಮೆಲೇ ಎಚ್ಚರಗೊಂಡು, ಗಳಿಸಿದ ಮೂಳೆಯನ್ನು ತ್ವರಿತವಾಗಿ ಕರಗಿಸುತ್ತವೆ. ಕೆಲವರಲ್ಲಿ ಏಕಕಾಲಕ್ಕೆ ಹಲವು ಬೆನ್ನುಮಣಿಗಳು ಕುಸಿದ ಪ್ರಸಂಗಗಳಿವೆ. ಗಡುವು ಮೀರಿ ತಿಂಗಳಿಗಿಂತ ಹೆಚ್ಚು ತಡವಾಗಕೂಡದು. ಮದುವೆ, ಬಾಣಂತನ, ಜಾತ್ರೆ ಎಂದು ತಿಂಗಳುಗಟ್ಟಲೆ ಊರಿಗೆ ಹೋಗುವವರು ಚುಚ್ಚುಮದ್ದಿನ ದಿನಾಂಕವನ್ನು ಗಮನಿಸಿಯೇ ಪ್ರಯಾಣ ಗೊತ್ತುಮಾಡಬೇಕು. ನಿಲ್ಲಿಸಲೇಬೇಕಾದರೆ ಅದರ ಬದಲಿಗೆ ಬಿಸ್‌ಫಾಸ್ಫೊನೇಟ್ ಆರಂಭಿಸುವ ಯೋಜನೆ ವೈದ್ಯರಿಂದ ದೊರೆತಿರಬೇಕು. ಮೂತ್ರಪಿಂಡದ ಗಂಭೀರ ರೋಗವಿರುವವರಲ್ಲಿ ಇದು ರಕ್ತದ ಕ್ಯಾಲ್ಸಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದೆಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತೀವ್ರ ಎಚ್ಚರಿಕೆ ನೀಡಿದೆ.

ಇಲ್ಲಿಯವರೆಗೆ ಹೇಳಿದವು ಮೂಳೆ ಕರಗದಂತೆ ತಡೆಯುವ ಔಷಧಗಳು. ಹೊಸ ಮೂಳೆಯನ್ನು ಕಟ್ಟುವ ಔಷಧಗಳೂ ಇವೆ. ಪ್ಯಾರಾಥೈರಾಯ್ಡ್ ಹಾರ್ಮೋನಿನ ಒಂದು ಭಾಗವಾದ ಟೆರಿಪ್ಯಾರಟೈಡ್ 2002ರಲ್ಲಿ ಮಾನ್ಯತೆ ಪಡೆಯಿತು. ಮಧುಮೇಹಿಗಳು ಇನ್ಸುಲಿನ್ ತೆಗೆದುಕೊಳ್ಳುವಂತೆ ಇದನ್ನು ದಿನವೂ ಸ್ವತಃ ಚುಚ್ಚಿಕೊಳ್ಳಬೇಕು; ಸಾಮಾನ್ಯವಾಗಿ ಎರಡು ವರ್ಷಗಳ ಅವಧಿ. ರೊಮೊಸೊಜುಮ್ಯಾಬ್ 2019ರಲ್ಲಿ ಬಂದದ್ದು. ತಿಂಗಳಿಗೊಮ್ಮೆಯಂತೆ ಒಂದು ವರ್ಷ ಕೊಡುತ್ತಾರೆ. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದು ಸಲ್ಲದು. ದುಬಾರಿಯಾದ ಈ ಔಷಧಗಳು ಹಲವು ಮುರಿತಗಳಾಗಿರುವ, ಅಪಾಯ ಅತಿ ಹೆಚ್ಚಿರುವ ಮಹಿಳೆಯರಿಗೆ ಮೀಸಲು. ಇವು ಮುಗಿದ ಮೇಲೆ ತಡೆಯುವ ಔಷಧವನ್ನು ಮುಂದುವರಿಸದಿದ್ದರೆ ಕಟ್ಟಿದ್ದೆಲ್ಲ ಮತ್ತೆ ಕರಗಿಹೋಗುತ್ತದೆ.

ಔಷಧಗಳಿವೆ, ಅಲೆಂಡ್ರೊನೇಟ್‌ನಂತಹವು ಪೇಟೆಂಟ್ ಮುಗಿದು ಭಾರತದಲ್ಲಿಯೇ ತಯಾರಾಗುತ್ತಿವೆ. ಆದರೂ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಏಕೆ? ರಕ್ತದೊತ್ತಡದ ರೋಗಿಗೆ ತೋರಿಸಲು ಅಂಕಿಯಿದೆ, ನೋವಿನ ರೋಗಿಗೆ ಉಪಶಮನವಿದೆ. ಮೂಳೆಸವೆತದ ಔಷಧ ಸೇವಿಸುವ ಮಹಿಳೆಗೆ ಇಂದು ನಿನ್ನೆಗಿಂತ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಮುರಿಯದೆ ಉಳಿದ ಮೂಳೆ ಕಣ್ಣಿಗೆ ಬೀಳದು. ಮೇಲಾಗಿ, ಮನೆಯ ಎಲ್ಲರ ಔಷಧವನ್ನು ನೆನಪಿಡುವ ಗೃಹಿಣಿಯು ತನ್ನ ಮಾತ್ರೆಯನ್ನು ಮರೆಯುತ್ತಾಳೆ. ವಾರಕ್ಕೊಂದು ದಿನ ಅದನ್ನು ನೆನಪಿಸುವುದು, ಎರಡು ವರ್ಷಕ್ಕೊಮ್ಮೆ ಅಥವಾ ವೈದ್ಯರು ಹೇಳಿದ ಕಾಲಕ್ಕೆ ಪರೀಕ್ಷೆ ಮಾಡಿಸುವುದು ಮಕ್ಕಳ, ಮನೆಯವರ ಹೊಣೆಯೂ ಹೌದು.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಒಂದು ಅಂಗವೇ. ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ, ಜಾರದ ನೆಲಹಾಸು, ರಾತ್ರಿ ಏಳುವಾಗ ಸಣ್ಣದೊಂದು ದೀಪ, ಕಾಲಿಗೆ ಸರಿಹೊಂದುವ ಚಪ್ಪಲಿ, ಕಣ್ಣಿನ ಪೊರೆಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಇವುಗಳ ಖರ್ಚು ಒಂದು ಸೊಂಟದ ಮುರಿತದ ಖರ್ಚಿನೆದುರು ಏನೇನೂ ಅಲ್ಲ. ನಿದ್ರೆಯ ಮಾತ್ರೆಗಳೂ ರಾತ್ರಿಯ ಬೀಳುವಿಕೆಗೆ ಕಾರಣವಾಗುವುದುಂಟು.

ಮೊದಲು ಹೇಳಿದ ಗೃಹಿಣಿಯ ಪ್ಲಾಸ್ಟರ್ ಬಿಚ್ಚುವ ದಿನಕ್ಕೆ ಮರಳೋಣ. ಆ ದಿನ ಆಕೆ ಅಥವಾ ಆಕೆಯೊಡನೆ ಹೋದವರು ವೈದ್ಯರನ್ನು ಮೂರು ಪ್ರಶ್ನೆ ಕೇಳಬೇಕು. ಈ ಮುರಿತಕ್ಕೆ ಮೂಳೆಸವೆತ ಕಾರಣವಿರಬಹುದೇ? ಡೆಕ್ಸಾ ಮತ್ತು ರಕ್ತದ ಪರೀಕ್ಷೆ ಯಾವಾಗ ಮಾಡಿಸಬೇಕು? ಚಿಕಿತ್ಸೆ ಬೇಕಾದರೆ ಯಾವುದು, ಎಷ್ಟು ಕಾಲ, ಅದರ ನಂತರ ಏನು? ಕೇಳಲು ಐದು ನಿಮಿಷ ಸಾಕು. ಹತ್ತು ವರ್ಷದ ಬಳಿಕ ಆಕೆ ತನ್ನ ಕಾಲ ಮೇಲೆ ತಾನೇ ನಡೆದು ತರಕಾರಿ ತರುವಳೋ, ಹಾಸಿಗೆಯ ಮೇಲಿಂದ ಇನ್ನೊಬ್ಬರನ್ನು ನೀರು ಕೇಳುವಳೋ ಎಂಬುದು ಬಹುಮಟ್ಟಿಗೆ ಆ ಐದು ನಿಮಿಷಗಳನ್ನು ಅವಲಂಬಿಸಿದೆ.